ಕ್ರೆಮ್ಲಿನ್ ಎದುರಿನ ರಾಯಭಾರಿ

ಕಿಟಕಿ ತೆರೆದರೆ ಮಾಸ್ಕೋ ನದಿ, ಆಚೆ ದಡದಲ್ಲಿ ಕ್ರೆಮ್ಲಿನ್. 1988ರಿಂದ 1992ರವರೆಗೆ ಬ್ರಿಟನ್ನಿನ ರಾಯಭಾರಿ ರಾಡ್ರಿಕ್ ಬ್ರೇತ್‌ವೇಟ್ ಇದ್ದದ್ದು ಇಂಥ ಜಾಗದಲ್ಲಿ. ಒಂದು ಮಹಾಶಕ್ತಿ ಕಣ್ಣೆದುರೇ ಕುಸಿದ ವರ್ಷಗಳವು!

ಹುಟ್ಟಿದ್ದು 1932ರಲ್ಲಿ. ತಂದೆ ಸಂಗೀತಗಾರ, ಆರ್ಕೆಸ್ಟ್ರಾ ಕಂಡಕ್ಟರ್. ಮಗ ಕೇಂಬ್ರಿಡ್ಜ್‌ನಲ್ಲಿ ಓದಿ 1955ರಲ್ಲಿ ವಿದೇಶಾಂಗ ಸೇವೆ ಸೇರಿದರು. ಜಕಾರ್ತಾ, ವಾರ್ಸಾ, ರೋಮ್, ವಾಷಿಂಗ್ಟನ್... ಊರೂರು ಸುತ್ತಿದರು. ಆದರೆ ಮನಸ್ಸು ನೆಟ್ಟಿದ್ದು ರಷ್ಯಾದಲ್ಲೇ.

1991ರ ಆಗಸ್ಟ್ ನೋಡಿ. ಸೋವಿಯತ್ ಅಧ್ಯಕ್ಷ ಗೋರ್ಬಚೇವ್ ಅವರನ್ನು ಕೆಳಗಿಳಿಸಲು ಕ್ಷಿಪ್ರಕ್ರಾಂತಿ ಶುರುವಾಯಿತು. ಮಾಸ್ಕೋ ಬೀದಿಗೆ ಟ್ಯಾಂಕ್‌ಗಳು ಬಂದವು. ಸಂಸತ್ ಭವನದ ಸುತ್ತ ಜನ ಸಿಕ್ಕಿದ್ದನ್ನೆಲ್ಲ ತಂದು ಅಡ್ಡಗಟ್ಟೆ ಕಟ್ಟಿದರು. ರಾಯಭಾರಿಯ ಹೆಂಡತಿ ಜಿಲ್ ಕೂಡ ಅಲ್ಲಿಗೆ ಹೋಗಿ ಆ ಜನರ ನಡುವೆ ನಿಂತರು. ಮೂವರು ಯುವಕರು ಪ್ರಾಣ ಕಳೆದುಕೊಂಡರು. ಮೂರೇ ದಿನಕ್ಕೆ ಸಂಚು ಮುರಿದುಬಿತ್ತು, ವರ್ಷ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ಮಾಸ್ಕೋ ಬಿಟ್ಟ ಮೇಲೆ ಪ್ರಧಾನಿ ಜಾನ್ ಮೇಜರ್ ಅವರಿಗೆ ಸಲಹೆಗಾರರಾದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಿವೃತ್ತಿಯ ನಂತರದ ಬರವಣಿಗೆ. 2006ರಲ್ಲಿ 'ಮಾಸ್ಕೋ 1941': ಹಿಟ್ಲರನ ಸೇನೆ ಬಾಗಿಲಿಗೆ ಬಂದಾಗ ಆ ನಗರದ ಸಾಮಾನ್ಯರು ಬದುಕಿದ ಬಗೆ. 2011ರಲ್ಲಿ 'ಅಫ್ಗಾಂಟ್ಸಿ': 1979ರಿಂದ 89ರವರೆಗೆ ಅಫ್ಘಾನಿಸ್ತಾನದಲ್ಲಿ ಕಾದಾಡಿದ ಸೋವಿಯತ್ ಸೈನಿಕರ ಕಥೆ. ಸುಮಾರು 15,000 ಸೈನಿಕರು ಸತ್ತ ಯುದ್ಧ ಅದು. ಎದುರಾಳಿ ಬಣದ ಹುಡುಗರ ನೋವನ್ನು ಬ್ರಿಟನ್ನಿನ ಮಾಜಿ ರಾಯಭಾರಿಯೊಬ್ಬರು ಇಷ್ಟು ಅಂತಃಕರಣದಿಂದ ಬರೆದಿದ್ದಾರೆ. ಸಿಕ್ಕರೆ ಮೊದಲು ಅದನ್ನೇ ಓದಿ.