ಗುಪ್ತಾಂಗ: ಕಾಯ್ದದ್ದೋ, ಬಚ್ಚಿಟ್ಟದ್ದೋ?

ಸೊರಬ ಸೀಮೆಯ ಹಸುರಿನ ನಡುವೆ, ಸಿದ್ದಾಪುರದ ಕಡೆಗೆ ಸಾಗುವ ಪಯಣಿಗನ ಕಣ್ಣಿಗೆ ದೂರದಿಂದಲೇ ಎದ್ದು ಕಾಣುವುದು ಚಂದ್ರಗುತ್ತಿಯ ಬೆಟ್ಟ. ಬೆಟ್ಟದ ಮೇಲೆ ಹಾಳುಬಿದ್ದ ಕೋಟೆ. ಬಂಡೆಯ ಗವಿಯಲ್ಲಿ ರೇಣುಕಾಂಬೆಯ ಗುಡಿ. ಈ ಊರಿನ ಹೆಸರನ್ನು ಸಂಸ್ಕೃತದ ಒಲವುಳ್ಳವರು ‘ಚಂದ್ರಗುಪ್ತಿ’ ಎಂದು ಬರೆದದ್ದುಂಟು. ಪ್ರಾಕೃತದಲ್ಲಿ ‘ಪ್ತ’ಕಾರವು ‘ತ್ತ’ಕಾರವಾಗುವುದು ಸಾಮಾನ್ಯ, ‘ಸಪ್ತ’ವು ‘ಸತ್ತ’ವಾದಂತೆಯೇ ‘ಗುಪ್ತಿ’ಯು ‘ಗುತ್ತಿ’ಯಾಗುತ್ತದೆ. ಹಾಗೆ ಒಪ್ಪಿಕೊಂಡರೆ, ಬಸ್ಸಿನ ಫಲಕದ ಮೇಲೆ ಎಲ್ಲರೂ ಓದುವ ಈ ಊರ ಹೆಸರಿಗೂ, ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡದ ‘ಗುಪ್ತಾಂಗ’ವೆಂಬ ಮಾತಿಗೂ ಧಾತು ಒಂದೇ ಆಗುತ್ತದೆ.

‘ಗುಪ್’ ಎಂಬುದೇ ಆ ಧಾತು. ‘ಗೋಪ’, ಎಂದರೆ ಗೋವನ್ನು ಕಾಯುವವನು, ಎಂಬ ಶಬ್ದದಿಂದಲೇ ಈ ಧಾತು ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದುದರಿಂದ ಇದರ ಮೊದಲ ಅರ್ಥ ‘ಕಾಯು’ ಎಂಬುದೇ ಹೊರತು ‘ಮುಚ್ಚಿಡು’ ಎಂಬುದಲ್ಲ. ಚಂದ್ರಗುಪ್ತನೆಂದರೆ ಚಂದ್ರನ ಕಾವಲನ್ನು ಪಡೆದವನು; ಚಂದ್ರನಲ್ಲಿ ಅಡಗಿ ಕುಳಿತವನಲ್ಲ. ಜೈನಧರ್ಮದಲ್ಲಿ ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂಬ ಮೂರು ಗುಪ್ತಿಗಳನ್ನು ಹೇಳಿದೆ. ಅಲ್ಲಿ ಕಾಯಗುಪ್ತಿಯೆಂದರೆ ದೇಹವನ್ನು ಎಚ್ಚರದಿಂದ ನಡೆಸಿಕೊಳ್ಳುವುದು. ದೇಹದ ವಿಷಯದಲ್ಲಿ ನಾಚಿ ತಲೆತಗ್ಗಿಸುವುದಲ್ಲ.

ಬೆಲೆಯುಳ್ಳದ್ದನ್ನು ಕಾಯುವವರು ಅದನ್ನು ಮರೆಯಲ್ಲಿಡುವುದು ಸಹಜ. ಹೀಗೆ ‘ಗುಪ್ತ’ಕ್ಕೆ ‘ಅಡಗಿದ್ದು’ ಎಂಬ ಎರಡನೆಯ ಅರ್ಥ ಬಂತು. ಗುಪ್ತಚರ, ಗುಪ್ತನಿಧಿ ಮೊದಲಾದ ಮಾತುಗಳು ಬೆಳೆದುವು. ಇದೇ ಧಾತುವಿಗೆ ಇಚ್ಛಾರ್ಥ ಸೇರಿದಾಗ ಹುಟ್ಟುವ ರೂಪವೊಂದಿದೆ: ‘ಜುಗುಪ್ಸೆ’. ತನ್ನನ್ನು ಒಂದರಿಂದ ಕಾಪಾಡಿಕೊಳ್ಳುವ ಬಯಕೆಯೇ ಕ್ರಮೇಣ ಅದರ ಮೇಲಿನ ಹೇಸಿಗೆಯಾಯಿತು. ಕಾಪು, ಮರೆ, ಹೇಸಿಗೆ, ಈ ಮೂರೂ ಒಂದೇ ಬೇರಿನ ಕೊಂಬೆಗಳು. ‘ಗುಪ್ತಾಂಗ’ವೆಂಬ ಮಾತನ್ನು ಆಡುವಾಗ ನಮ್ಮ ಮನಸ್ಸು ಯಾವ ಕೊಂಬೆಯ ಮೇಲೆ ಕುಳಿತಿರುತ್ತದೆ ಎಂಬುದೇ ಪ್ರಶ್ನೆ.

ನಗರದ ಕುಟುಂಬಗಳಲ್ಲಿ ಈ ಮಾತಿನ ಸ್ಥಾನಕ್ಕೆ ಈಗ ‘ಪ್ರೈವೇಟ್ ಪಾರ್ಟ್ಸ್’ ಬಂದು ನಿಂತಿದೆ. ಮಲೆನಾಡಿನ ಬಸ್ ನಿಲ್ದಾಣದಲ್ಲಿ ‘ಪ್ರೈವೇಟ್’ ಎಂದರೆ ಸರ್ಕಾರದ್ದಲ್ಲದ ಬಸ್ಸು. ಮನೆಯೊಳಗೆ ಅದೇ ಮಾತು ದೇಹದ ಭಾಗವಾಗುತ್ತದೆ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ಸಾರ್ವಜನಿಕದಿಂದ ಬೇರ್ಪಟ್ಟದ್ದು, ಒಬ್ಬನ ಸ್ವಂತದ್ದು ಎಂದು ಅರ್ಥ. ಅರ್ಥ ಕೆಟ್ಟದ್ದಲ್ಲ. ಆದರೆ ಆ ಮಾತಿಗೆ ನಮ್ಮಲ್ಲಿ ದೊರೆತ ಮನ್ನಣೆಗೆ ಕಾರಣ ಅದರ ಅರ್ಥವಲ್ಲ, ಅದರ ಪರಕೀಯತೆ. ತಾಯ್ನುಡಿಯಲ್ಲಿ ನಾಚಿಕೆ ತರುವುದು ಪರಭಾಷೆಯಲ್ಲಿ ತೊಳೆದಿಟ್ಟಂತೆ ಕಾಣುತ್ತದೆ.

ಪಾಶ್ಚಾತ್ಯರೂ ಈ ಸಂಕೋಚವನ್ನು ಮೀರಿದವರಲ್ಲ. ಅವರ ವೈದ್ಯಶಾಸ್ತ್ರವು ಸ್ತ್ರೀಯ ಜನನಾಂಗದ ಹೊರಭಾಗವನ್ನು ಬಹುಕಾಲ ‘ಪುಡೆಂಡಮ್’ ಎಂದು ಕರೆಯಿತು. ‘ನಾಚತಕ್ಕದ್ದು’ ಎಂಬುದು ಆ ಲ್ಯಾಟಿನ್ ಶಬ್ದದ ಅರ್ಥ. ಅಂಗರಚನಾಶಾಸ್ತ್ರದ ಅಂತರರಾಷ್ಟ್ರೀಯ ಪಾರಿಭಾಷಿಕ ಪಟ್ಟಿಯಿಂದ ಅದನ್ನು ಕೈಬಿಟ್ಟದ್ದು 2019ರಲ್ಲಿ. ಆದರೂ ಆ ಭಾಗದ ನರವೊಂದು ಇಂದಿಗೂ ನಾಚಿಕೆಯ ಹೆಸರನ್ನೇ ಹೊತ್ತಿದೆ.

ನಮ್ಮ ನಾಡಿನ ಶಿಲ್ಪಿಗಳಿಗೆ ಈ ಸಂಕೋಚವಿದ್ದಂತೆ ತೋರುವುದಿಲ್ಲ. ನಾಗನಾಥಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಚಾಲುಕ್ಯರ ಕಾಲದ ಒಂದು ದೇವೀವಿಗ್ರಹಕ್ಕೆ ತಲೆಯ ಸ್ಥಾನದಲ್ಲಿ ಅರಳಿದ ಕಮಲವಿದೆ. ಹೆರಿಗೆಯ ಭಂಗಿಯಲ್ಲಿರುವ ಮೈಯಲ್ಲಿ ಮರೆಯೆಂಬುದಿಲ್ಲ. ಸೃಷ್ಟಿಯ ಮೂಲವೆಂದು ಅದನ್ನು ಪೂಜಿಸಿದರು. ಅದಕ್ಕೆ ‘ಲಜ್ಜಾಗೌರಿ’ ಎಂಬ ಹೆಸರಿಟ್ಟವರು ಈಚಿನವರು. ಲಜ್ಜೆ ಕಲ್ಲಿನಲ್ಲಿಲ್ಲ, ನೋಡುವವರು ಇಟ್ಟ ಹೆಸರಿನಲ್ಲಿದೆ. ಮಗನ ಕೊಡಲಿಗೆ ತಲೆಯೊಪ್ಪಿಸಿದ ರೇಣುಕೆಯ ಕಥೆಯನ್ನು ಕೆಲವರು ಈ ತಲೆಯಿಲ್ಲದ ದೇವಿಯೊಡನೆ ಜೋಡಿಸುವುದುಂಟು.

ಆ ರೇಣುಕೆಯ ಚಂದ್ರಗುತ್ತಿಯಲ್ಲಿಯೇ ದೇಹ ಮತ್ತು ಮಾನದ ಪ್ರಶ್ನೆ ಇಡೀ ದೇಶದ ಕಣ್ಣಿಗೆ ಬಿತ್ತು. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಉಡುಗೆಯಿಲ್ಲದೆ ಗುಡಿಗೆ ಹೋಗುವ ‘ಬೆತ್ತಲೆ ಸೇವೆ’ ಅಲ್ಲಿ ನಡೆಯುತ್ತಿತ್ತು. ಹರಕೆಯವರಲ್ಲಿ ಬಹುಮಂದಿ ಬಡವರು, ಕೆಳಜಾತಿಗಳವರು. ಇದು ಭಕ್ತಿಯ ಹೆಸರಿನಲ್ಲಿ ದಲಿತ ಹೆಣ್ಣುಮಕ್ಕಳಿಗೆ ಆಗುವ ಅಪಮಾನವೆಂದು ಸುಧಾರಕರು ವಾದಿಸಿದರು. ತಾಯಿಯ ಮುಂದೆ ಮಕ್ಕಳಿಗೆ ನಾಚಿಕೆಯೇಕೆಂದು ಭಕ್ತರು ಕೇಳಿದರು. 1986ರ ಮಾರ್ಚ್ ತಿಂಗಳಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆಯೂ ಪೊಲೀಸರ ಮೇಲೆಯೂ ಜನ ತಿರುಗಿಬಿದ್ದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಸರ್ಕಾರವು ವಿಚಾರಣೆ ನಡೆಸಿ ಆ ಸೇವೆಯನ್ನು ನಿಷೇಧಿಸಿತು.

ಹರಕೆಯವರಿಗೆ ಪವಿತ್ರವಾಗಿದ್ದ ಬೆತ್ತಲೆಯೇ ಅಂದು ಪೊಲೀಸರಿಗೆ ಶಿಕ್ಷೆಯಾಯಿತು. ಬೆತ್ತಲೆಗೆ ತನ್ನದೇ ಆದ ಒಂದು ಅರ್ಥವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಯಾರ ಮೈ, ಯಾರ ಇಚ್ಛೆ, ಯಾರ ಬಲವಂತ ಎಂಬುದರ ಮೇಲೆ ಅದು ನಿಂತಿದೆ. ಮೈಯನ್ನು ಕಾಯುವುದೆಂದರೆ ಬಟ್ಟೆ ಹೊದಿಸುವುದು ಮಾತ್ರವಲ್ಲ. ಆ ಮೈಯ ಒಡತಿಗೆ ಬೇಕು, ಬೇಡ ಎನ್ನುವ ಅಧಿಕಾರವನ್ನು ಕೊಡುವುದು.

ಬೇಡವೆನ್ನಲು ಮೊದಲು ಮಾತು ಬೇಕು. ಕೈ, ಕಾಲು, ಕಣ್ಣು, ಹೊಟ್ಟೆಗಳಿಗೆ ಕನ್ನಡದ ಹೆಸರನ್ನು ಕಲಿಸುವ ತಾಯಿ ಒಂದು ಕಡೆ ಬಂದು ನಿಲ್ಲುತ್ತಾಳೆ. ಅಲ್ಲಿಗೆ ತಕ್ಕ ಅಚ್ಚಗನ್ನಡ ಶಬ್ದಗಳಿಲ್ಲವೆಂದಲ್ಲ. ಅವು ಬೈಗುಳದಲ್ಲಿ ಮಾತ್ರ ಉಳಿದಿವೆ. ಬೀದಿ ಜಗಳದ ಮಾತನ್ನು ಮಗುವಿನ ಬಾಯಿಗೆ ಕೊಡಲು ಯಾವ ತಾಯಿಗೂ ಮನಸ್ಸು ಬಾರದು. ಆಕೆ ‘ಅಲ್ಲಿ’, ‘ಕೆಳಗೆ’ ಎನ್ನುತ್ತಾಳೆ. ಅಥವಾ ಚಡ್ಡಿಯಿಲ್ಲದೆ ಓಡಿ ಬಂದ ಮಗುವನ್ನು ಮನೆಮಂದಿಯೆಲ್ಲ ‘ಶೇಮ್ ಶೇಮ್’ ಎಂದು ನಗಿಸುತ್ತಾರೆ. ಮಗು ಅಂಗದ ಹೆಸರಿಗಿಂತ ಮೊದಲು ಅದರ ನಾಚಿಕೆಯನ್ನು ಕಲಿಯುತ್ತದೆ. ಮುಂದೊಂದು ದಿನ ಪರಿಚಿತನೊಬ್ಬನ ಕೈ ಅಲ್ಲಿಗೆ ಬಂದಾಗ, ತಪ್ಪು ತನ್ನದೇ ಎಂದು ಅದು ಬಾಯಿ ಮುಚ್ಚಿಕೊಂಡರೆ ಅಚ್ಚರಿಯೇನು?

ಕಾನೂನಿಗೆ ಆ ನಾಚಿಕೆಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಅಧಿನಿಯಮ, ಜನ ‘ಪೋಕ್ಸೋ’ ಎನ್ನುವುದು, ಯಾವ ಅಂಗವನ್ನು ಮುಟ್ಟಿದರೆ ಅಪರಾಧವೆಂಬುದನ್ನು ಅಂಗದ ಹೆಸರು ಹಿಡಿದೇ ಹೇಳುತ್ತದೆ. ನ್ಯಾಯಾಲಯ ಆಡುವ ಮಾತು ಮನೆಯಲ್ಲಿ ಮಗುವಿಗೆ ತಿಳಿಯದಿದ್ದರೆ, ಆ ರಕ್ಷೆಯ ಬಾಗಿಲು ಅದಕ್ಕೆ ಅರ್ಧ ಮಾತ್ರ ತೆರೆದಂತೆ.

ರೋಗದ ವಿಷಯದಲ್ಲಿಯೂ ಇದೇ ಕಥೆ. ಭಾರತದ ಸ್ತ್ರೀಯರನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರುಗಳು ಎರಡು: ಸ್ತನದ್ದು ಮತ್ತು ಗರ್ಭಕೋಶದ ಕೊರಳಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ, 2022ರಲ್ಲಿ ಮೊದಲನೆಯದು ಸುಮಾರು 1 ಲಕ್ಷ 92 ಸಾವಿರ ಮಂದಿಗೂ, ಎರಡನೆಯದು ಸುಮಾರು 1 ಲಕ್ಷ 27 ಸಾವಿರ ಮಂದಿಗೂ ಹೊಸದಾಗಿ ತಗುಲಿತು. ಬೇಗ ಗೊತ್ತಾದರೆ ಎರಡಕ್ಕೂ ಚಿಕಿತ್ಸೆ ಸುಲಭ. ಎದೆಯ ಗಂಟನ್ನು ಗಂಡನಿಗೂ ಹೇಳದೆ, ಬಿಳಿಸೆರಗನ್ನು ಸೊಸೆಯೆದುರಿಗೂ ಆಡದೆ ತಿಂಗಳುಗಟ್ಟಲೆ ಸುಮ್ಮನಿರುವ ಗೃಹಿಣಿಯು ‘ಗುಪ್ತ’ದ ಎರಡನೆಯ ಅರ್ಥವನ್ನು ಪಾಲಿಸಿ ಮೊದಲನೆಯದನ್ನು ಕಳೆದುಕೊಳ್ಳುತ್ತಾಳೆ.

ಯೋನಿ, ಶಿಶ್ನ, ಸ್ತನ, ಗುದ, ಇವು ನಿಘಂಟಿನಲ್ಲಿರುವ ಗೌರವದ ಮಾತುಗಳೇ. ‘ಯೋನಿ’ ಎಂದರೆ ಹುಟ್ಟಿನ ನೆಲೆ. ಬ್ರಹ್ಮನನ್ನು ಪದ್ಮಯೋನಿಯೆಂದು ಕರೆಯುವಾಗ ಯಾರೂ ಕಿವಿ ಮುಚ್ಚಿಕೊಂಡದ್ದಿಲ್ಲ. ಮಗುವಿಗೆ ಮೀಯಿಸುವ ಹೊತ್ತಿನಲ್ಲಿ, ಕಿವಿ ಮೂಗುಗಳ ಹೆಸರನ್ನು ಹೇಳುವ ದನಿಯಲ್ಲಿಯೇ, ಈ ಹೆಸರುಗಳನ್ನೂ ಹೇಳಬಹುದು. ಇದು ನಿನ್ನದು, ಬೇರೆಯವರು ಮುಟ್ಟತಕ್ಕದ್ದಲ್ಲ, ಮುಟ್ಟಿದರೆ ಬಂದು ನಮಗೆ ಹೇಳು ಎಂದು ಎರಡು ಮಾತು ಸೇರಿಸಿದರೆ ಸಾಕು. ಗುಪ್ತಾಂಗಕ್ಕೆ ಅದರ ಹಳೆಯ ಅರ್ಥ ಅಷ್ಟರಿಂದಲೇ ಮರಳಿ ಬರುತ್ತದೆ.