ಕಾಲಹರಡಿನ ಹೊರಮಗ್ಗುಲ ಕಂಡರಗಳೂ ಸಮೀಪದ ನರವೂ

ಮಂಡ್ಯ, ಮದ್ದೂರು, ಮಳವಳ್ಳಿ ಪ್ರಾಂತದ ಬೇಸಾಯವು ಬಹುಮಟ್ಟಿಗೆ ನಾಲೆಯ ನೀರನ್ನು ಆಶ್ರಯಿಸಿದೆ. 1911ರಲ್ಲಿ ಕಟ್ಟಡ ಆರಂಭವಾದ ಕೃಷ್ಣರಾಜಸಾಗರವೂ ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯೂ ಇಲ್ಲಿ ಬತ್ತ, ಕಬ್ಬುಗಳನ್ನು ನೆಲೆಗೊಳಿಸಿದವು. ಇಂಥ ಬೇಸಾಯದಲ್ಲಿ ಕೆಸರುಬದುವಿನ ಮೇಲೆಯೂ ಕಬ್ಬಿನ ಕೂಳೆಗಳ ನಡುವೆಯೂ ನಡೆಯದೆ ಗತ್ಯಂತರವಿಲ್ಲ. ಕಾಲು ಜಾರಿ ಪಾದವು ಒಳಮಗ್ಗುಲಿಗೆ ಹೊರಳಿದಾಗ ಹರಡಿನ ಹೊರಗಡೆ ನೋವೂ ಬಾವೂ ಕಾಣುತ್ತವೆ. ಇದನ್ನೆಲ್ಲ ಜನರು ‘ಉಳುಕು’ ಎಂಬ ಒಂದೇ ಹೆಸರಿನಿಂದ ಕರೆದು, ಎಣ್ಣೆ ಹಚ್ಚಿ ನೀವಿಸುವುದು ರೂಢಿ. ಆದರೆ ಉಳುಕು ಒಂದೇ ವ್ಯಾಧಿಯಲ್ಲ. ಅದರ ಮರೆಯಲ್ಲಿ ಕಂಡರದ ಗಾಯವೋ ನರದ ರೋಗವೋ ಅಡಗಿರಬಹುದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಫಿಬುಲ ಎಂಬ ತೆಳ್ಳನೆಯ ಎಲುಬಿದೆ. ಇದರ ಕೆಳತುದಿಯೇ ಹರಡಿನ ಹೊರಗಂಟು. ಈ ಎಲುಬಿನಿಂದ ಹೊರಡುವ ಪೆರೋನಿಯಸ್ ಲಾಂಗಸ್, ಪೆರೋನಿಯಸ್ ಬ್ರೆವಿಸ್ ಎಂಬ ಎರಡು ಸ್ನಾಯುಗಳು ಕೆಳಗಿಳಿದಂತೆ ಹುರಿಯಂಥ ಕಂಡರಗಳಾಗುತ್ತವೆ. ಹೊರಗಂಟಿನ ಹಿಂದಿರುವ ತೋಡಿನಲ್ಲಿ ಹಾಯ್ದು ಮುಂದಕ್ಕೆ ತಿರುಗುತ್ತವೆ. ಬ್ರೆವಿಸ್ ಕಂಡರವು ಕಿರುಬೆರಳಿನ ಹಿಂದಿರುವ ಪಾದದೆಲುಬಿನ ಬುಡವನ್ನು ಹಿಡಿದಿದೆ. ಲಾಂಗಸ್ ಕಂಡರವು ಅಂಗಾಲಿನಡಿ ಅಡ್ಡಲಾಗಿ ಸಾಗಿ ಹೆಬ್ಬೆರಳಿನ ಕಡೆಯ ಎಲುಬುಗಳನ್ನು ಸೇರುತ್ತದೆ. ಪಾದವನ್ನು ಹೊರಕ್ಕೆ ಸೆಳೆದು, ಅದು ಒಳಕ್ಕೆ ಹೊರಳದಂತೆ ತಡೆಯುವುದು ಇವುಗಳ ಕಾರ್ಯ. ಇವು ತೋಡಿನಿಂದ ಜಾರದಂತೆ ಒಂದು ಬಲವಾದ ಪಟ್ಟಿಯು ಬಿಗಿದಿಟ್ಟಿದೆ.

ಈ ಕಂಡರಗಳಿಗೆ ಮುಖ್ಯವಾಗಿ ಮೂರು ಬಗೆಯ ಕೇಡು ಸಂಭವಿಸುತ್ತದೆ. ಮೊದಲನೆಯದು, ಮಿತಿಮೀರಿದ ದುಡಿಮೆಯಿಂದ ಕಂಡರದ ಕವಚವು ಉರಿತಗೊಂಡು ಊದಿಕೊಳ್ಳುವುದು. ಎರಡನೆಯದು ಸೀಳು: ಬ್ರೆವಿಸ್ ಕಂಡರವು ಎಲುಬಿಗೂ ಲಾಂಗಸ್ ಕಂಡರಕ್ಕೂ ನಡುವೆ ಸಿಕ್ಕಿ ಉದ್ದುದ್ದಕ್ಕೆ ಸೀಳುವುದುಂಟು. ಮೂರನೆಯದು, ಪಟ್ಟಿ ಹರಿದು ಕಂಡರವು ಗಂಟಿನ ಮೇಲಕ್ಕೆ ಜಾರುವುದು. ಇದನ್ನು 1803ರಲ್ಲಿ ಇಟಲಿಯ ಮೊಂಟೆಜ್ಜಿಯ ಎಂಬ ಶಸ್ತ್ರವೈದ್ಯನು ಒಬ್ಬ ನರ್ತಕಿಯಲ್ಲಿ ಕಂಡು ವರ್ಣಿಸಿದನು. ನಡೆಯುವಾಗ ಗಂಟಿನ ಮೇಲೆ ಹುರಿಯೊಂದು ‘ಟಕ್’ ಎಂದು ಹಾರಿದಂತೆ ರೋಗಿಗೆ ಭಾಸವಾಗುತ್ತದೆ. ಇಂಥ ಕಾಲನ್ನು ನೀವಿದರೆ ಪಟ್ಟಿಯು ಕೂಡಿಕೊಳ್ಳದು. ನೋವು ತಿಂಗಳುಗಟ್ಟಲೆ ಉಳಿದು, ಬದುವಿನ ಮೇಲೆ ಹೆಜ್ಜೆ ನಿಲ್ಲದಂತಾಗುತ್ತದೆ.

ಇನ್ನು ನರದ ವಿಚಾರ. ಸ್ಯೂರಲ್ ನರವು ಮೀನಖಂಡದಿಂದ ಇಳಿದು, ಹೊರಗಂಟಿನ ಹಿಂದೆ, ಕಂಡರಗಳಿಗೆ ಸಮೀಪವಾಗಿ ಹಾಯ್ದು ಪಾದದ ಹೊರ ಅಂಚನ್ನು ಸೇರುತ್ತದೆ. ಇದು ಸ್ಪರ್ಶಜ್ಞಾನದ ನರ. ಆದುದರಿಂದ ಕಬ್ಬು ಕಡಿಯುವ ಮಚ್ಚು ತಗುಲಿ ಇದು ತುಂಡಾದರೆ ಕಾಲಿನ ಬಲ ಕುಂದದು; ಕಿರುಬೆರಳಿನ ಕಡೆ ಜೋಮು ಮಾತ್ರ ತೋರುತ್ತದೆ. ಅದೇ ಪೆಟ್ಟಿನಿಂದ ಕಂಡರವೂ ತುಂಡಾಗಿದ್ದರೆ ಪಾದವನ್ನು ಹೊರಕ್ಕೆ ತಿರುಗಿಸುವ ಶಕ್ತಿ ಕುಗ್ಗುತ್ತದೆ. ಗಾಯವನ್ನು ಹೊಲಿಯುವ ಮೊದಲು, ಮರಗಟ್ಟಿಸುವ ಔಷಧ ಕೊಡುವುದಕ್ಕೂ ಮುಂಚೆ, ಇವೆರಡನ್ನೂ ಪರೀಕ್ಷಿಸತಕ್ಕದ್ದು.

ಪೆರೋನಿಯಸ್ ಸ್ನಾಯುಗಳನ್ನು ನಡೆಸುವ ನರವು ಬೇರೆ. ಅದು ಮೊಣಕಾಲಿನ ಹೊರಗಡೆ ಫಿಬುಲದ ಕತ್ತನ್ನು ಸುತ್ತಿ ಬರುತ್ತದೆ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರಲ್ಲಿ ಅದು ಅದುಮಲ್ಪಟ್ಟು, ಪಾದವು ಮೇಲೇಳದೆ ಜೋಲುವುದುಂಟು. ಪೆಟ್ಟೇ ಇಲ್ಲದೆ ಪಾದ ಮರಗಟ್ಟಿದರೆ, ಇಲ್ಲವೆ ಈ ನರಗಳು ದಪ್ಪನಾಗಿ ಕೈಗೆ ತಾಗಿದರೆ, ಕುಷ್ಠರೋಗವನ್ನು ಮರೆಯಲಾಗದು. ಆ ರೋಗಕ್ಕೆ ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಬೇಗ ತೊಡಗಿದಷ್ಟೂ ಅಂಗವೈಕಲ್ಯವನ್ನು ತಡೆಯುವ ಅವಕಾಶ ಹೆಚ್ಚು. ಮಧುಮೇಹವೂ ಹೀಗೆಯೇ ಪಾದದ ಸ್ಪರ್ಶವನ್ನು ಕುಂದಿಸಬಲ್ಲದು.

ಹಾಗಾದರೆ ಉಳುಕಿದ ಕಾಲನ್ನು ಹೇಗೆ ಪರೀಕ್ಷಿಸಬೇಕು? ಕೆನಡದ ಆಟವ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸೂತ್ರವು ಸರಳವಾಗಿದೆ. ಹರಡಿನ ಗಂಟುಗಳ ಹಿಂದಂಚನ್ನೋ ಕಿರುಬೆರಳಿನ ಹಿಂದಿನ ಎಲುಬಿನ ಬುಡವನ್ನೋ ಒತ್ತಿದಾಗ ನೋವಾದರೆ, ಅಥವಾ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಎಕ್ಸ್-ಕಿರಣದ ಚಿತ್ರ ತೆಗೆಸಬೇಕು. ಎಲುಬು ಮುರಿದಿಲ್ಲದಿದ್ದರೆ ಪಾದದ ಹೊರ ಅಂಚಿಗೆ ಕೈಯನ್ನು ಒಡ್ಡಿ, ಅದಕ್ಕೆದುರಾಗಿ ನೂಕುವಂತೆ ರೋಗಿಗೆ ಹೇಳಬೇಕು. ಆಗ ಗಂಟಿನ ಹಿಂದೆ ನೋವಾದರೆ ಕಂಡರವನ್ನು ಸಂಶಯಿಸಬಹುದು. ಕೊನೆಗೆ ಕಣ್ಣು ಮುಚ್ಚಿಸಿ ಪಾದದ ಹೊರ ಅಂಚನ್ನು ಹತ್ತಿಯಿಂದ ಸವರಿ ಸ್ಪರ್ಶವನ್ನು ನೋಡಬೇಕು.

ಮೊದಲ ದಿನಗಳಲ್ಲಿ ವಿಶ್ರಾಂತಿ, ತಣ್ಣನೆಯ ಬಟ್ಟೆ, ಹದವಾದ ಪಟ್ಟಿಕಟ್ಟು, ಕಾಲನ್ನು ಎತ್ತರದಲ್ಲಿಡುವುದು ಇವು ಹಿತಕರ. ಊದಿದ ಕಾಲನ್ನು ಬಲವಾಗಿ ನೀವುವುದೂ ಎಳೆಯುವುದೂ ಸಲ್ಲದು. ಜಾರಿದ ಕಂಡರಕ್ಕೆ ಗಚ್ಚಿನ ಕಟ್ಟೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಕೂಲಿಯ ದಿನ ತಪ್ಪೀತೆಂದು ಕುಂಟುತ್ತಲೇ ದುಡಿಯುವವನು ಮುಂದೆ ಇಡೀ ಹಂಗಾಮನ್ನೇ ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ಎರಡು ಮೂರು ವಾರಗಳಾದರೂ ವಾಸಿಯಾಗದ ಉಳುಕನ್ನು ಮದ್ದೂರು, ಮಳವಳ್ಳಿಗಳ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಮಂಡ್ಯದ ಜಿಲ್ಲಾ ಕೇಂದ್ರದಲ್ಲಾಗಲಿ ತೋರಿಸುವುದು ಯುಕ್ತ. ಜೋಮು ಇದ್ದರಂತೂ ಅಷ್ಟು ಕಾಲವೂ ಕಾಯತಕ್ಕದ್ದಲ್ಲ.