ಸಾಕುಹಾವಿನ ಗೂಡು, ಮನೆಮಂದಿಯ ಆರೋಗ್ಯ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಮಗಳ ಇಲ್ಲವೇ ಸೊಸೆಯ ಬಾಣಂತನಕ್ಕೆಂದು ಇಲ್ಲಿಂದ ಹೋಗುವ ಹಿರಿಯರಿಗೆ ಒಮ್ಮೊಮ್ಮೆ ಆ ಮನೆಯಲ್ಲಿ ವಿಚಿತ್ರ ಸದಸ್ಯನೊಬ್ಬ ಎದುರಾಗುವುದುಂಟು. ಹಿರಿಯ ಮೊಮ್ಮಗನ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ದೀಪದ ಕಾವಿಗೆ ಮೈಯೊಡ್ಡಿ ಮಲಗಿದ ಹೆಬ್ಬಾವು! ಅಲ್ಲಿ ಅನೇಕ ಕಡೆ ಇದು ಕಾನೂನಿಗೆ ಒಳಪಟ್ಟ ಹವ್ಯಾಸ. ದೊಡ್ಡ ಗೂಡುಗಳು ದುಬಾರಿಯಾದ್ದರಿಂದ ಹಲವರು ಪ್ಲೈವುಡ್ ತಂದು ತಾವೇ ಕಟ್ಟಿಕೊಳ್ಳುತ್ತಾರೆ. ಹೆಬ್ಬಾವಿಗೆ ವಿಷವಿಲ್ಲ, ನಿಜ. ಆದರೆ ಗೂಡು ಸರಿಯಿಲ್ಲದಿದ್ದರೆ ಅಪಾಯ ಹಾವಿಗಷ್ಟೇ ಅಲ್ಲ, ಮನೆಮಂದಿಗೂ ತಪ್ಪಿದ್ದಲ್ಲ.

ಕಾವು ಏಕೆ ಬೇಕು?

ನಮ್ಮ ದೇಹ ತನಗೆ ಬೇಕಾದ ಶಾಖವನ್ನು ತಾನೇ ಉತ್ಪಾದಿಸುತ್ತದೆ. ಹಾವು ಸುತ್ತಲಿನ ಶಾಖವನ್ನೇ ಅವಲಂಬಿಸಿದೆ. ಕಾವು ಸಾಲದಿದ್ದರೆ ನುಂಗಿದ ಇಲಿ ಜೀರ್ಣವಾಗದೆ ಅದನ್ನು ಕಕ್ಕುತ್ತದೆ. ಶ್ವಾಸಕೋಶದ ಸೋಂಕಿಗೂ ತುತ್ತಾಗುತ್ತದೆ. ಆದ್ದರಿಂದ ಗೂಡಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಹೆಚ್ಚಾಗಿ ಸಾಕಲಾಗುವ ಆಫ್ರಿಕದ ಬಾಲ್ ಪೈಥಾನ್‌ಗೆ ಬೆಚ್ಚನೆಯ ಕಡೆ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 25ರಿಂದ 27 ಡಿಗ್ರಿ ಸಾಕು. ಹಾವು ತನಗೆ ಬೇಕಾದತ್ತ ಸರಿದುಕೊಳ್ಳುತ್ತದೆ. ಅದು ಮೈಚಾಚುವಷ್ಟಾದರೂ ಗೂಡು ಉದ್ದವಿರುವುದು ಒಳ್ಳೆಯದು.

ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಬಿಸಿಯಾದೊಡನೆ ತಾನಾಗಿಯೇ ಆರುತ್ತದೆಯಲ್ಲವೇ? ಆ ಕೆಲಸ ಮಾಡುವ ಥರ್ಮೋಸ್ಟ್ಯಾಟ್ ಗೂಡಿನ ಪ್ರತಿಯೊಂದು ಕಾವಿನ ಸಾಧನಕ್ಕೂ ಇರಲೇಬೇಕು. ಅದಿಲ್ಲದೆ ಹಗಲಿರುಳು ಉರಿಯುವ ಬಲ್ಬು ಒಣಮರಕ್ಕೆ ತಾಗಿದರೆ ಬೆಂಕಿ ಹತ್ತಬಹುದು. ಅತಿಯಾಗಿ ಕಾದ ಮೇಲ್ಮೈಯಿಂದಲೂ ಹಾವು ಬೇಗ ದೂರ ಸರಿಯದೆ ಮೈ ಸುಟ್ಟುಕೊಳ್ಳುತ್ತದೆ. ಬಲ್ಬಿಗೆ ತಂತಿಯ ಬಲೆ ಹಾಕಿ. ಮರಕ್ಕೆ ತಾಗದಂತೆ ಕೂರಿಸಿ. ಕೋಣೆಯಲ್ಲಿ ಹೊಗೆ ಸೂಚಕ ಗಂಟೆ ಇರಲಿ.

ಬೀಗ ಮರೆಯಬಾರದು

2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದ ಬರ್ಮಾ ಹೆಬ್ಬಾವೊಂದು ರಾತ್ರಿ ಗೂಡಿನಿಂದ ಹೊರಬಂದು ಎರಡು ವರ್ಷದ ಮಗುವನ್ನು ಕೊಂದಿತು. ಗೂಡಿಗೆ ಬೀಗವಿರಲಿಲ್ಲ, ಮುಚ್ಚಳದ ಬದಲು ಹೊದಿಸಿದ್ದುದು ಒಂದು ಕೌದಿ. 2013ರಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಗೂಡಿನಿಂದ ತಪ್ಪಿಸಿಕೊಂಡ ಆಫ್ರಿಕದ ಹೆಬ್ಬಾವು ಗಾಳಿಯ ಕೊಳವೆಯ ಮೂಲಕ ಸಾಗಿ, ಮಲಗಿದ್ದ ಇಬ್ಬರು ಪುಟ್ಟ ಸೋದರರ ಸಾವಿಗೆ ಕಾರಣವಾಯಿತು. ತಲೆ ತೂರುವ ಸಂದಿಯಿದ್ದರೆ ಹಾವು ಹೊರಬರಲು ಯತ್ನಿಸುತ್ತದೆಂದೇ ತಿಳಿಯಬೇಕು. ಬಾಗಿಲಿಗೆ ಬೀಗ, ಗಾಳಿಕಿಂಡಿಗೆ ಗಟ್ಟಿ ಜಾಲರಿ ಬೇಕೇ ಬೇಕು. ಎಂಟು ಅಡಿ ಮೀರಿದ ಹೆಬ್ಬಾವನ್ನು ಒಬ್ಬರೇ ಎತ್ತಿಕೊಳ್ಳಬಾರದು.

ಕಾಣದ ಶತ್ರು

ಇಂಥ ದುರಂತಗಳು ವಿರಳ. ಹೆಚ್ಚು ಸಾಮಾನ್ಯವಾದದ್ದು ಸಾಲ್ಮೊನೆಲ್ಲಾ ಎಂಬ ರೋಗಾಣು. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಅದಿರುತ್ತದೆ. ಅಲ್ಲಿಂದ ಹಾವಿನ ಮೈಗೆ, ಗೂಡಿಗೆ, ಕೈಗಳಿಗೆ ಹರಡುತ್ತದೆ. ಹಾವನ್ನು ಮುಟ್ಟದ ಮಗುವಿಗೂ ದೊಡ್ಡವರ ಕೈಯಿಂದ ಸೋಂಕು ತಗಲಬಹುದು. ಆರು ಗಂಟೆಯಿಂದ ಆರು ದಿನಗಳೊಳಗೆ ಜ್ವರ, ಭೇದಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಎಳೆಗೂಸುಗಳಲ್ಲಿ ರೋಗಾಣು ರಕ್ತಕ್ಕೆ, ಮಿದುಳಿನ ಪೊರೆಗೆ ಹರಡಿ ಜೀವಕ್ಕೇ ಎರವಾಗಬಹುದು. 65 ದಾಟಿದವರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅಪಾಯ ಹೆಚ್ಚು. ಬಾಣಂತನದ ಮನೆಯಲ್ಲಿ ಇರುವವರೇ ಹಸುಗೂಸು ಮತ್ತು ಅಜ್ಜಿ!

ಆದ್ದರಿಂದ ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು ಸಾಕದಿರುವುದೇ ಲೇಸು. ಈಗಾಗಲೇ ಇದ್ದರೆ ಈ ಎಚ್ಚರಿಕೆಗಳು ಅಗತ್ಯ:

* ಹಾವು, ಗೂಡು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.
* ಗೂಡಿನ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು.
* ಹಾವಿನ ಆಹಾರದ ಇಲಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಡಬಾರದು.
* ಗೂಡಿನ ಒಳಗೋಡೆಗೆ ನೀರು ಹೀರದ ಲೇಪನವಿರಲಿ. ಹಸಿ ಮರವನ್ನು ಶುಚಿಗೊಳಿಸುವುದು ಕಷ್ಟ.
* ಹಾವು ಕಚ್ಚಿದರೆ ಗಾಯವನ್ನು ಸೋಪುನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು.
* ಮಗುವಿಗೆ ಜ್ವರ, ಭೇದಿಯಾದರೆ ಮನೆಯಲ್ಲಿ ಹಾವಿದೆಯೆಂದು ವೈದ್ಯರಿಗೆ ತಪ್ಪದೆ ತಿಳಿಸಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿನ ಹೆಬ್ಬಾವನ್ನು ಮನೆಯಲ್ಲಿ ಸಾಕುವುದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ವಿದೇಶಕ್ಕೆ ಹೊರಡುವ ಹಿರಿಯರು ಆ ಮನೆಯಲ್ಲಿ ಹಾವಿದೆಯೇ ಎಂದು ಮೊದಲೇ ಕೇಳಿಕೊಳ್ಳಲಿ. ಇದ್ದರೆ, ಗೂಡಿಗೆ ಬೀಗವಿದೆಯೇ, ಅದು ಮಗು ಮಲಗುವ ಕೋಣೆಯಿಂದ ದೂರವಿದೆಯೇ ಎಂದೂ ವಿಚಾರಿಸಲಿ. ಇದರಲ್ಲಿ ಸಂಕೋಚ ಬೇಡ.